ನಿನ್ನೆಯ ಮಳೆ ಮೂವತ್ತೊಂದು

ದೋಣಿ ಮಗುಚಬಹುದಿತ್ತು. ಅದು ಮಗುಚದಿದ್ದರೆ, ದೋಣಿ ಹೊತ್ತು ತರುವ ಪಿಕಪ್ಪು ಬಾಯಾರಿನ ಏರಿನಲ್ಲಿ ಹಿಂದಕ್ಕೆ ಜಾರಬಹುದಿತ್ತು. ಪಳ್ಳದ ನಡುವೆ ಇಳಿಸಿದ ಪೈಪು ಕೆಸರಿನಲ್ಲಿ ಕಚ್ಚಿಕೊಂಡು, ಮುಂದಿನ ಶತಮಾನದವರು ಬಂದು ಎತ್ತಲಿ ಎಂದು ಅಲ್ಲೇ ಕೂತುಬಿಡಬಹುದಿತ್ತು. ಎತ್ತಿದರೂ ಒಳಗಿನ ಕೆಸರು ಹಲ್ವದ ಹಾಗೆ ಮುರಿದು, ಯಾವ ಕಾಲದ ಮಳೆ ಯಾವ ಕಾಲದ ಮೇಲೆ ಕೂತಿತೆಂದು ತಿಳಿಯದೆ ಹೋಗಬಹುದಿತ್ತು. ಪದವಿನ ಬಿಸಿಲಿಗೆ ಸಂಶೋಧಕಿ ತಲೆತಿರುಗಿ ಬೀಳಬಹುದಿತ್ತು. ಕಣಜ ಏಳಬಹುದಿತ್ತು. ಯಾರಾದರೂ ಬಂದು ಯಾರ ಅನುಮತಿ ಉಂಟು ಎಂದು ಕೇಳಬಹುದಿತ್ತು. ಅನುಮತಿಯ ಮೂರು ಪ್ರತಿ ನನ್ನ ಚೀಲದಲ್ಲಿದ್ದರೂ ಚೀಲವೇ ನೀರಿಗೆ ಬೀಳಬಹುದಿತ್ತು. ಹೆಂಡತಿಯ ಮೊಬೈಲು ಒಂದು ದಿನ ಉಬ್ಬಿ, ಅವಳ ಸ್ವರವನ್ನೆಲ್ಲ ಒಳಗಿಟ್ಟುಕೊಂಡೇ ಸಾಯಬಹುದಿತ್ತು. ಸಾಯದಿದ್ದರೆ, ಆ ಸ್ವರ ಕೇಳುತ್ತ ನಾನು ಅಂಗಡಿಯಲ್ಲಿ ಗಿರಾಕಿಗಳ ಎದುರು ಅತ್ತು, ರೇಶನ್ ಕಾರ್ಡಿನ ಅರ್ಜಿ ಹಿಡಿದು ನಿಂತವರಿಗೆ ದೊಡ್ಡ ಮುಜುಗರ ಮಾಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ಅಷ್ಟೆಲ್ಲ ಮುನ್ನೆಚ್ಚರಿಕೆ ವಹಿಸಿದ ಮನುಷ್ಯನಿಗೆ ಅದು ಹೊಳೆದಿರಲೇ ಇಲ್ಲ.

ಪೆರ್ಲದ ಪೇಟೆಯಲ್ಲಿ ನನಗೊಂದು ಟೈಪಿಂಗ್ ಮತ್ತು ಫೋಟೋಕಾಪಿ ಅಂಗಡಿ ಉಂಟು. ಕನ್ನಡದಲ್ಲಿ ಹೇಳಿದ ಸಂಕಟವನ್ನು ಮಲಯಾಳದ ಅರ್ಜಿಯಾಗಿ ಮಾಡಿಕೊಡುವುದು ನನ್ನ ಕಸುಬು. ಒಂದು ಅಕ್ಷರ ತಪ್ಪಿದರೆ ಒಬ್ಬರ ಪಿಂಚಣಿ ಒಂದು ವರ್ಷ ನಿಲ್ಲುತ್ತದೆ; ಹಾಗಾಗಿ ಚಿಂತೆ ಮಾಡುವುದು ನನ್ನ ಸ್ವಭಾವವಲ್ಲ, ವೃತ್ತಿಧರ್ಮ ಎಂದು ಬಹಳ ವರ್ಷ ವಾದಿಸಿದ್ದೆ. ಹೆಂಡತಿ ಒಪ್ಪಿರಲಿಲ್ಲ. ಅವಳು ನಮ್ಮ ಮನೆಯ ಹತ್ತಿರದ ಅಂಗನವಾಡಿಯಲ್ಲಿ ಟೀಚರ್. ಮಕ್ಕಳಿಗೆ ಒಂದರಿಂದ ಹತ್ತು ಕಲಿಸುವವಳಾದ್ದರಿಂದ ಹನ್ನೊಂದನೆಯ ಚಿಂತೆಯಿಂದ ಮುಂದಕ್ಕೆ ನನ್ನ ಮಾತು ಕೇಳುವುದಿಲ್ಲ ಎಂದು ಅವಳ ನಿಯಮ.

ಮನೆ ಇರುವುದು ಬಾಯಾರಿನ ಕಡೆಯ ಒಂದು ಪದವಿನ ಬುಡದಲ್ಲಿ. ಪದವು ಎಂದರೆ ಮುರಕಲ್ಲಿನ ಬೋಳು ಬಯಲು, ಗುಡ್ಡದ ತಲೆಯ ಮೇಲೆ ಹಾಸಿದಂತೆ. ಅದರ ನಡುವೆ ಒಂದು ಪಳ್ಳ, ಮಳೆನೀರು ನಿಲ್ಲುವ ಕೆರೆಯಂಥ ತಗ್ಗು. ಸುತ್ತಲಿನ ಹಳ್ಳಗಳೆಲ್ಲ ಒಣಗಿದಾಗಲೂ ಅದರಲ್ಲಿ ಆಳೆತ್ತರ ನೀರು. ಆ ನೀರಿನಡಿ ಏನುಂಟೆಂದು ನಾವು ಯಾರೂ ಕೇಳಿಕೊಂಡವರಲ್ಲ. ಕೆಸರು ಉಂಟು, ಮತ್ತೆಂತ?

ಮಳೆ ಅಳೆಯುವ ಹುಚ್ಚು ನಮ್ಮ ಕಡೆಯವರಿಗೆ ಹೊಸತಲ್ಲ. ಬೇರೆ ಊರುಗಳಲ್ಲಿ ಬೆಳಿಗ್ಗೆ ಎದ್ದು ಪೇಪರ್ ನೋಡುತ್ತಾರೆ, ಇಲ್ಲಿ ಅಂಗಳದ ಮಳೆಮಾಪಕ ನೋಡುತ್ತಾರೆ. ಪುತ್ತೂರಿನ ಕಡೆಯವರೂ ನಮ್ಮ ಕಡೆಯವರೂ ಸೇರಿದ ಒಂದು ವಾಟ್ಸಾಪ್ ಗುಂಪಿದೆ. ಮಳೆಗಾಲದ ಬೆಳಿಗ್ಗೆ ಎಂಟೂವರೆಗೆ ಅಲ್ಲಿ ಎಲ್ಲರ ಅಂಗಳದ ಮಳೆಯೂ ಬಂದು ಬೀಳುತ್ತದೆ. ಯಾವುದೋ ಕೃಷಿ ಶಿಬಿರದಲ್ಲಿ ಹೆಂಡತಿಗೊಂದು ಪ್ಲಾಸ್ಟಿಕ್ ಮಾಪಕ ಸಿಕ್ಕಿದ್ದೇ ಅವಳೂ ಆ ಗುಂಪಿಗೆ ಸೇರಿದಳು. ಬೇರೆಯವರೆಲ್ಲ ಅಂಕೆ ಬರೆಯುತ್ತಿದ್ದರೆ ಇವಳೊಬ್ಬಳು ಧ್ವನಿ ಸಂದೇಶ ಕಳಿಸುತ್ತಿದ್ದಳು.

"ಟೈಪ್ ಮಾಡಬಾರದಾ? ಟೈಪಿಂಗ್ ಅಂಗಡಿಯವನ ಹೆಂಡತಿ ನೀನು," ಎಂದು ಕೇಳಿದ್ದೆ.

"ನೀವು ಇಡೀ ದಿನ ಟೈಪ್ ಮಾಡುದು. ನಾನೂ ಟೈಪ್ ಮಾಡ್ಲಿಕ್ಕೆ ಕೂತರೆ ಈ ಮನೆಯಲ್ಲಿ ಮಾತಾಡುದು ಯಾರು? ಬೆಕ್ಕಾ?"

ಹೀಗೆ ಎಂಟೊಂಬತ್ತು ಮಳೆಗಾಲ. ಮಾಪಕವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಓದುವಳು. "ನಿನ್ನೆಯ ಮಳೆ ನಲ್ವತ್ತನಾಲ್ಕು" ಎನ್ನುವಳು. ಅಳೆದ ನೀರನ್ನು ಚೆಲ್ಲದೆ ತುಳಸಿಯ ಬುಡಕ್ಕೆ ಹೊಯ್ಯುವಳು. ಸುತ್ತಲೂ ಆಕಾಶವೇ ಹರಿದು ಬಿದ್ದಂತೆ ಸುರಿಯುತ್ತಿದ್ದರೂ ತುಳಸಿಗೆ ಆ ಒಂದು ಗ್ಲಾಸು ನೀರು ಬೇರೆ.

ನಾನು ಅವಳಿಗಾಗಿ ಏನೆಲ್ಲ ಚಿಂತಿಸಿದ್ದೆ! ಅಂಗಳದ ಪಾಚಿ, ಸಿಡಿಲು, ಅಂಗನವಾಡಿಯ ದಾರಿಯಲ್ಲಿ ಹಳ್ಳ ದಾಟುವ ಕಾಲುಸಂಕ, ಬೇಲಿಯ ಹತ್ತಿರ ಒಮ್ಮೆ ಕಂಡಿದ್ದ ಕನ್ನಡಿಹಾವು. ಆ ದಿನ ಬೆಳಿಗ್ಗೆ ಅವಳು ಮಳೆ ಅಳೆದಳು, ಪಾಚಿ ದಾಟಿದಳು, ಕಾಲುಸಂಕ ದಾಟಿದಳು. ಮಧ್ಯಾಹ್ನ ಮಕ್ಕಳಿಗೆಲ್ಲ ಗಂಜಿ ಬಡಿಸಿ, ತಾನೂ ಒಂದು ತಟ್ಟೆ ಹಿಡಿದು ಗೋಡೆಗೆ ಒರಗಿ ಕೂತಳು. ಮಕ್ಕಳು ಟೀಚರ್ ನಿದ್ದೆ ಮಾಡುತ್ತಿದ್ದಾರೆಂದು ಗಲಾಟೆ ಮಾಡದೆ ಉಂಡವಂತೆ. ಹೃದಯ ಎಂಬುದು ನನ್ನ ಚಿಂತೆಗಳ ಸಾಲಿನಲ್ಲಿ ಇರಲೇ ಇಲ್ಲ.

ಮಗಳು ಮಸ್ಕತ್ತಿನಿಂದ ಬರಬೇಕಿತ್ತು. ಹಾಗಾಗಿ ಎಲ್ಲ ಕಾರ್ಯ ಮರುದಿನಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ಜೋರು ಮಳೆ. ಬಂದವರು ನೆನೆಯಬಾರದೆಂದು ಅಂಗಳಕ್ಕಿಡೀ ನೀಲಿ ಟಾರ್ಪಾಲು ಕಟ್ಟಿದ್ದರು. ಮಳೆಮಾಪಕವೂ ಆ ಟಾರ್ಪಾಲಿನ ಅಡಿಯಲ್ಲೇ, ತನ್ನ ಕಂಬದ ಮೇಲೆ ಒಣಗಿ ನಿಂತಿತ್ತು. ನಾನು ಅದನ್ನೇ ನೋಡುತ್ತ ಕೂತಿದ್ದೆ. ಬೇರೆ ಕಡೆ ನೋಡಲು ಆಗುತ್ತಿರಲಿಲ್ಲ. ಆಮೇಲೆ ಟಾರ್ಪಾಲು ಬಿಚ್ಚಿದರು. ಮಾಪಕ ತುಂಬಿ ಹೊರಗೆ ಹರಿಯಿತು. ಎಷ್ಟೋ ದಿನದ ನಂತರ ಅದನ್ನು ಓದದೆಯೇ ತುಳಸಿಗೆ ಹೊಯ್ದು ಒಳಗಿಟ್ಟೆ.

ಅವಳ ಮೊಬೈಲನ್ನು ಮಾತ್ರ ದಿನಾ ಚಾರ್ಜಿಗೆ ಹಾಕುತ್ತಿದ್ದೆ. ಕೇಳಲು ಅಲ್ಲ. ಕೇಳುವ ಧೈರ್ಯ ಇರಲಿಲ್ಲ. ಚಾರ್ಜ್ ಇಲ್ಲದೆ ಏನಾದರೂ ಅಳಿಸಿಹೋದರೆ ಎಂಬ ಚಿಂತೆಯೊಂದು ನನ್ನನ್ನು ಬೆಳಿಗ್ಗೆ ಏಳಿಸುತ್ತಿತ್ತು. ಆ ಕಾಲದಲ್ಲಿ ಚಿಂತೆ ನನಗೆ ಒಂದು ಉಪಕಾರವನ್ನೂ ಮಾಡಿದೆ ಎನ್ನಬೇಕು.

ಅವಳು ಹೋದ ಎರಡನೆಯ ವರ್ಷದ ಕೊನೆಗೆ ಸಂಶೋಧಕಿ ಬಂದಳು. ಘಟ್ಟದ ಮೇಲಿನ ಊರಿನವಳು, ನನ್ನ ಮಗಳ ಪ್ರಾಯ. ಮೂವತ್ತು ಪ್ರತಿ ತೆಗೆಸಲು ನನ್ನ ಅಂಗಡಿಗೆ ಬಂದವಳ ನಕಾಶೆಯಲ್ಲಿ ನಮ್ಮ ಪಳ್ಳ ಕಂಡಿತು. ಏನು ಎಂತ ವಿಚಾರಿಸಿದೆ.

"ಕೆಸರು ತೆಗಿಬೇಕು ಸರ್. ಪಳ್ಳದ ಅಡಿಯಲ್ಲಿ ಸಾವಿರಾರು ವರ್ಷದ ಮಳೆ ಇದೆ."

"ಅಲ್ಲಿ ಎಮ್ಮೆ ಸ್ನಾನ ಮಾಡಿದ ನೀರು ಬಿಟ್ಟು ಬೇರೆ ಎಂತದ್ದೂ ಇಲ್ಲ ಮಾರಾಯ್ತಿ."

ಅವಳು ನಗುತ್ತ ವಿವರಿಸಿದಳು. ಮಳೆ ಜೋರಾದ ಕಾಲದಲ್ಲಿ ಪದವಿನಿಂದ ದೊರಗು ಕೆಂಪು ಹರಳು ಬಂದು ಪಳ್ಳದ ತಳದಲ್ಲಿ ಕೂರುತ್ತದೆ. ಮಳೆ ಸೋತ ಕಾಲದಲ್ಲಿ ನಯವಾದ ಕಪ್ಪು ಮಣ್ಣು. ಒಂದರ ಮೇಲೊಂದು ಪದರ. ಪೈಪು ಇಳಿಸಿ ಎತ್ತಿದರೆ ನಮ್ಮ ಅಜ್ಜಂದಿರ ಅಜ್ಜಂದಿರು ನೆನೆದ ಮಳೆ ಗೆರೆ ಗೆರೆಯಾಗಿ ಕಾಣುತ್ತದೆ.

"ಆದ್ರೆ ಕೆಸರಿಗೆ ಎಣಿಸೋಕೆ ಬರಲ್ಲ ಸರ್. ಜಾಸ್ತಿ, ಕಮ್ಮಿ ಅನ್ನುತ್ತೆ, ಅಷ್ಟೇ. ಎಷ್ಟು ಅಂತ ಹೇಳ್ಬೇಕಾದ್ರೆ, ನಾವು ನಿಜವಾಗಿ ಅಳೆದಿರೋ ವರ್ಷಗಳನ್ನ ಮೇಲಿನ ಪದರದ ಪಕ್ಕ ಇಟ್ಟು ಅದಕ್ಕೆ ಲೆಕ್ಕ ಕಲಿಸ್ಬೇಕು."

"ಅಳತೆ ಸರಕಾರದ ಹತ್ತಿರ ಇರ್ಬೇಕಲ್ಲ?"

ಇತ್ತು. ಉಪಗ್ರಹದ್ದೂ ಇತ್ತು, ಇಡೀ ಭೂಮಿಯದ್ದು, ಯಾರು ಬೇಕಾದರೂ ತೆಗೆದುಕೊಳ್ಳುವಂಥದ್ದು. ಆದರೆ ಅದರ ಒಂದೊಂದು ಚೌಕ ಬಹಳ ದೊಡ್ಡದು. ಮೊಗ್ರಾಲಿನ ಕಡಲೂ ಬಾಯಾರಿನ ಪದವೂ ಒಂದೇ ಚೌಕ. ಅಲ್ಲಿ ಹನಿದದ್ದನ್ನೂ ಇಲ್ಲಿ ಸುರಿದದ್ದನ್ನೂ ಕಲಸಿ ಒಂದು ಸರಾಸರಿ ಮಾಡಿಡುತ್ತದೆ. ಪಳ್ಳದ ಪಕ್ಕದಲ್ಲೇ ಅಳೆದವರು ಯಾರಾದರೂ ಇದ್ದರೆ ಆ ವರ್ಷಗಳನ್ನು ಸೇತುವೆಯಾಗಿ ಇಡಬಹುದು. ಇಲ್ಲದಿದ್ದರೆ ಈ ಪಳ್ಳ ಬಿಟ್ಟು ಬೇರೆ ಪಳ್ಳ ಹುಡುಕಬೇಕು.

ನಾನು ಯಂತ್ರದಿಂದ ಬಿಸಿ ಬಿಸಿ ಹಾಳೆಗಳನ್ನು ತೆಗೆದು ಅಂಚು ಕುಟ್ಟಿ ಸರಿಮಾಡಿದೆ. ಇನ್ನೊಮ್ಮೆ ಕುಟ್ಟಿದೆ. ಆಮೇಲೆ ಹೇಳಿದೆ, "ಒಬ್ಬರು ಅಳೆದಿದ್ದಾರೆ. ಆದರೆ ಬರೆದಿಟ್ಟಿಲ್ಲ. ಹೇಳಿಟ್ಟಿದ್ದಾರೆ."

ಅಂದಿನಿಂದ ನನಗೊಂದೇ ಆಸೆ. ಹೆಂಡತಿಯ ಎಂಟೊಂಬತ್ತು ಮಳೆಗಾಲ ಆ ಮಳೆಯ ಸಾಲಿನೊಳಗೆ ಸೇರಬೇಕು. ಒಂದರಿಂದ ಹತ್ತು ಕಲಿಸಿದವಳು ಕೊನೆಗೆ ಕೆಸರಿಗೂ ಎಣಿಕೆ ಕಲಿಸಬೇಕು. ಅದಕ್ಕೆ ಒಂದೊಂದು ಸಂದೇಶವನ್ನೂ ನಾನೇ ಕೇಳಬೇಕಿತ್ತು. ಬೇರೆಯವರಿಗೆ ಕೊಡುವುದು ಸಾಧ್ಯವಿರಲಿಲ್ಲ.

ಮೊದಲು ಕೆಸರಿನ ಕೆಲಸ ಮುಗಿಯಿತು. ಪಳ್ಳದ ನಡುವೆ ನಿಲ್ಲಲು ದೋಣಿ ಬೇಕಿತ್ತು. ಮೊಗ್ರಾಲಿನ ಒಬ್ಬ ಮೀನುಗಾರ, ಹತ್ತು ವರ್ಷ ಗಲ್ಫಿನಲ್ಲಿದ್ದು ಬಂದವನು, ತನ್ನ ಸಣ್ಣ ಫೈಬರ್ ದೋಣಿಯನ್ನು ಪಿಕಪ್ಪಿಗೆ ಕಟ್ಟಿಕೊಂಡು ಬಂದ. ದಾರಿಯುದ್ದಕ್ಕೂ ಜನ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರಂತೆ.

"ದುಬಾಯಲ್ಲಿ ಮರುಭೂಮಿಯಲ್ಲಿ ಹಡಗು ನಿಲ್ಲಿಸಿದ್ದು ನೋಡಿದ್ದೇನೆ," ಎಂದ ಅವನು ಪದವಿನ ಮೇಲೆ ನಿಂತು ಸುತ್ತ ನೋಡುತ್ತ. "ಗುಡ್ಡೆ ಮೇಲೆ ದೋಣಿ ಇದೇ ಫಸ್ಟ್. ಹೆಂಡತಿ ಕೇಳಿದಳು, ಎಂತ ಮೀನಿಗೆ ಹೋಗುದು ಅಂತ. ಕೆಸರಿಗೆ ಅಂದೆ. ಮಾತೇ ಬಿಟ್ಟಳು."

ಅವನಿಗೆ ಲೈಫ್ ಜಾಕೆಟ್ ಹಾಕಿಕೊಳ್ಳಲು ನಾನು ನಾಲ್ಕೈದು ಸಲ ಹೇಳಿದೆ.

"ಕಡಲಲ್ಲಿ ಹಾಕದವ ನಾನು. ಈ ಚೆಂಬಲ್ಲಿ ಮುಳುಗಿ ಸತ್ತರೆ ನಮ್ಮ ಊರಿನವರು ಮಣ್ಣಿಗೂ ಬರ್ಲಿಕ್ಕಿಲ್ಲ, ನಾಚಿಕೆಯಲ್ಲಿ," ಎಂದ. ಆದರೂ ನನ್ನ ಮುಖ ನೋಡಿ ಹಾಕಿಕೊಂಡ.

ಪೈಪು ಇಳಿಯಿತು, ಏರಿತು. ಬಾಯಿ ಮುಚ್ಚಿ ದಡಕ್ಕೆ ತಂದು ಮಲಗಿಸಿದರು. ಸಂಶೋಧಕಿ ಪೈಪಿನ ಮೇಲ್ತುದಿಯನ್ನು ತೋರಿಸಿ, "ನಮಗೆ ಬೇಕಾದ ವರ್ಷಗಳು ಇಲ್ಲಿವೆ," ಎಂದಳು. ಎರಡು ಬೆರಳಷ್ಟೂ ಇರಲಿಲ್ಲ. ನೀರು ಬಸಿಯುತ್ತಿದ್ದ ಕೆಂಪು ಕೆಸರು. ನಾನು ಬಗ್ಗಿ ನೋಡಿದೆ. ಅದರ ಕೆಳಗೆ ಒಂದಾಳು ಉದ್ದದ ಕಾಲ, ಯಾರೂ ಅಳೆಯದೆ ಸುರಿದ ಮಳೆ. ಅದರ ಮೇಲೆ ತುಸುವೇ ತುಸು, ನನ್ನವಳು ಒಂದು ಕಣ್ಣು ಮುಚ್ಚಿ ಓದಿದ್ದು.

ಸಂದೇಶ ಕೇಳುವ ಕೆಲಸವನ್ನು ಅಂಗಡಿಯಲ್ಲಿ, ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಅರ್ಧ ಎಳೆದು ಮಾಡುತ್ತಿದ್ದೆ. ಮನೆಯಲ್ಲಿ ಆಗುವುದಿಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಮನೆಯಲ್ಲಿ ಆ ಸ್ವರ ಅಡುಗೆಕೋಣೆಯಿಂದ ಬಂದಂತೆ ಕೇಳುತ್ತದೆ.

ಒಂದೊಂದು ಸಂದೇಶವೂ ನಾಲ್ಕೈದು ಸೆಕೆಂಡು. ಹಿಂದೆ ಕಾಗೆ, ಕುಕ್ಕರಿನ ಸೀಟಿ, ದೂರದ ಬಸ್ಸಿನ ಹಾರ್ನು. ನಾನು ನಿರೀಕ್ಷಿಸದಿದ್ದದ್ದು ನನ್ನದೇ ಸ್ವರ. "ನಿನ್ನೆಯ ಮಳೆ ಎಂಬತ್ತೆರಡು," ಎನ್ನುತ್ತಾಳೆ ಅವಳು. ಹಿಂದಿನಿಂದ ಯಾರೋ ಒಬ್ಬ, "ಕೊಡೆ ಹಿಡ್ಕೊಂಡಿದ್ದೀಯಾ? ಪಾಚಿ ಉಂಟು!" ಎಂದು ಕೂಗುತ್ತಾನೆ. ಇನ್ನೊಂದರಲ್ಲಿ, "ಸಿಡಿಲು ಬರುವಾಗ ಮೊಬೈಲ್ ಎಂತಕ್ಕೆ?" ಮತ್ತೊಂದರಲ್ಲಿ ಅವಳು, "ನಿನ್ನೆಯ ಮಳೆ ಹದಿನೇಳು. ಹಿಂದೆ ಕೇಳುವ ಗುಡುಗು ನಮ್ಮ ಮನೆಯವರದ್ದು, ಲೆಕ್ಕಕ್ಕೆ ತಗೊಳ್ಬೇಡಿ."

ಆ ಗುಂಪಿನ ಅಷ್ಟೂ ಮಂದಿ ವರ್ಷಗಟ್ಟಲೆ ನನ್ನ ಚಿಂತೆಯನ್ನು ಬೆಳಗಿನ ಕಾಫಿಯ ಜೊತೆ ಕೇಳಿದ್ದಾರೆ ಎಂಬುದು ನನಗೆ ಆಗ ತಿಳಿಯಿತು. ಯಾರೂ ಒಂದು ಮಾತು ಹೇಳಿರಲಿಲ್ಲ, ಪುಣ್ಯಾತ್ಮರು.

ಒಂದು ಮಧ್ಯಾಹ್ನ ಶಟರಿನ ಕೆಳಗಿನಿಂದ ಬಗ್ಗಿ ಒಬ್ಬ ಹೆಂಗಸು ಒಳಗೆ ಬಂದಳು. ಆಧಾರ್ ಪ್ರತಿ ಬೇಕಿತ್ತು. ಮೊಬೈಲಿನಿಂದ, "ನಿನ್ನೆಯ ಮಳೆ ಐವತ್ತಾರು," ಎಂದು ಬಂದದ್ದೇ ಅವಳು ನಿಂತಲ್ಲೇ ನಿಂತಳು.

"ಟೀಚರ್ ಅಲ್ವಾ?"

"ಹೌದು."

"ನನ್ನ ಮಗ ಈಗ್ಲೂ ಏಳು ಬರೆಯುವಾಗ ಟೀಚರ್ ಹೇಳಿದ ಹಾಗೆ ಕೊಡೆಯ ಹಿಡಿ, ಕೊಡೆಯ ಹಿಡಿ ಅಂತಾನೆ." ಆಮೇಲೆ ಮೊಬೈಲು ತೋರಿಸಿ, "ಇನ್ನೊಮ್ಮೆ ಹಾಕ್ತೀರಾ?" ಎಂದು ಕೇಳಿದಳು.

ಹಾಕಿದೆ. ಇಬ್ಬರೂ ಕೇಳಿದೆವು. ಆಧಾರಿನ ಪ್ರತಿ ತೆಗೆಯುವುದು ಇಬ್ಬರಿಗೂ ಮರೆತುಹೋಗಿ, ಅವಳು ಮರುದಿನ ಪುನಃ ಬರಬೇಕಾಯಿತು.

ಎಲ್ಲಕ್ಕಿಂತ ಉದ್ದದ ಸಂದೇಶ ಒಂದಿತ್ತು. ಗಾಳಿಗೆ ತೆಂಗಿನ ಮಡಲು ಬಿದ್ದು ಮಾಪಕ ಮಗುಚಿದ ದಿನದ್ದು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಸಾಲು ತುಂಡಾದರೆ ಜನ ಏನೆಂದುಕೊಂಡಾರು ಎಂದು ನನಗೆ ಚಿಂತೆ. ಪಕ್ಕದವರ ಮನೆಯ ಮಳೆ ಕೇಳಿ ಒಂದಂದಾಜು ಹೇಳಿಬಿಡು ಎಂದಿದ್ದೆ. ಸಂದೇಶದಲ್ಲಿ ಅದೂ ಉಂಟು, ನನ್ನ ಮಾತು, ಆಮೇಲೆ ಅವಳದ್ದು:

"ಅಂದಾಜು ಹೇಳ್ಲಿಕ್ಕೆ ನಾನೆಂತ ಜ್ಯೋತಿಷ್ಯ ಹೇಳುದಾ? ಮಳೆ ಬಂದದ್ದು ಹೌದು, ಅಳತೆ ಇಲ್ಲ. ಅಳತೆ ಇಲ್ಲ ಅಂದ್ರೆ ಅಳತೆ ಇಲ್ಲ. ಸೊನ್ನೆ ಅಂತ ಹಾಕ್ಬೇಡಿ ಯಾರೂ, ಸೊನ್ನೆ ಬೇರೆ."

ಕೊನೆಯ ಸಂದೇಶಕ್ಕೆ ಬರುವಾಗ ಅಂಗಡಿಯ ಶಟರ್ ಪೂರ್ತಿ ಎಳೆದೆ. ಅದರಲ್ಲಿ ವಿಶೇಷ ಏನೂ ಇರಲಿಲ್ಲ. ಕಾಗೆ ಇತ್ತು. "ನಿನ್ನೆಯ ಮಳೆ ಮೂವತ್ತೊಂದು." ಅಷ್ಟೇ. ಆ ದಿನ ನಾನು ಹಿಂದಿನಿಂದ ಏನೂ ಕೂಗಿರಲಿಲ್ಲ. ಮೂವತ್ತೊಂದನ್ನು ಅದರ ದಿನಾಂಕದ ಎದುರು ಬರೆದೆ. ಕಣ್ಣು ಒರೆಸಿಕೊಂಡು, ಸರಿಯಾಗಿ ಬಿತ್ತೇ ಎಂದು ಮೂರು ಸಲ ನೋಡಿದೆ.

ಕೆಲವು ತಿಂಗಳ ನಂತರ ಸಂಶೋಧಕಿ ಫಲಿತಾಂಶ ಕಳಿಸಿದಳು. ಒಂದು ಉದ್ದನೆಯ ಗೆರೆ. ಎಡದ ತುದಿಯಲ್ಲಿ ಮಸುಕು ಮಸುಕಾದ ಕೆಸರಿನ ಕಾಲ, ಬಲದ ತುದಿಯಲ್ಲಿ ಉಪಗ್ರಹಗಳ ಕಾಲ. ನಡುವೆ, ಎರಡನ್ನೂ ಹಿಡಿದು ನಿಂತ ಒಂದು ಸಣ್ಣ ಹಸಿರು ತುಂಡು. ಅದು ನನ್ನವಳದ್ದು. ಕೆಸರು ಎಣಿಸಲು ಕಲಿತಿತ್ತು. ನಾನು ಆ ಚಿತ್ರವನ್ನು ನನ್ನ ಯಂತ್ರದಲ್ಲೇ, ಇದ್ದುದರಲ್ಲಿ ಒಳ್ಳೆಯ ಕಾಗದದಲ್ಲಿ ತೆಗೆದು ಗೋಡೆಗೆ ಹಚ್ಚಿದೆ. ಗಿರಾಕಿಗಳು ಅದು ಯಾರ ಇಸಿಜಿ ಎಂದು ಕೇಳುತ್ತಾರೆ.

ಚಿತ್ರದ ಜೊತೆ ದಿನ ದಿನದ ಅಂಕೆಗಳ ಕಡತವೂ ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ತೆರೆಯುತ್ತಿರಲಿಲ್ಲ. ನಾನು ತೆರೆದೆ. ನೇರ ಕೊನೆಯ ಸಾಲಿಗೆ ಹೋದೆ. ಮೂವತ್ತೊಂದು ಇತ್ತು, ಆದರೆ ಒಂದು ದಿನ ಮುಂದೆ.

ಕಡತದ ಟಿಪ್ಪಣಿಗಳನ್ನು ಓದಿ ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು. ನಾವೆಲ್ಲ ಬೆಳಿಗ್ಗೆ ಅಳೆದು "ನಿನ್ನೆಯ ಮಳೆ" ಎನ್ನುತ್ತೇವೆ, ನಿನ್ನೆಯ ದಿನಾಂಕಕ್ಕೇ ಬರೆಯುತ್ತೇವೆ. ಹವಾಮಾನದ ಕಡತಗಳ ಪದ್ಧತಿ ಬೇರೆ. ಯಾವ ಬೆಳಿಗ್ಗೆ ಅಳೆದರೋ ಆ ದಿನಕ್ಕೇ ಆ ಮಳೆ. ಸಂಶೋಧಕಿಗೆ ನಮ್ಮ ಈ ಅಭ್ಯಾಸ ಗೊತ್ತಿತ್ತು. ಹಾಗಾಗಿ ಈ ಕಡೆಯಿಂದ ಬಂದ ಅಂಕೆಗಳನ್ನೆಲ್ಲ ಒಂದು ದಿನ ಮುಂದಕ್ಕೆ ತಳ್ಳುವಂತೆ ಕಂಪ್ಯೂಟರಿಗೆ ಹೇಳಿಟ್ಟಿದ್ದಳು. ಆದರೆ ನಾನು ಅವಳು ಕೊಟ್ಟ ಸೂಚನೆಗಳನ್ನು ಮೂರು ಸಲ ಓದಿದ್ದವನು. ಅಂಕೆಗಳನ್ನೆಲ್ಲ ಅಳೆದ ದಿನಕ್ಕೇ, ಸರಿಯಾದ ಜಾಗಕ್ಕೇ ಹಾಕಿ ಕಳಿಸಿದ್ದೆ. ಸರಿಯಾದದ್ದನ್ನು ಅವಳ ಕಂಪ್ಯೂಟರು ಇನ್ನೊಮ್ಮೆ ಸರಿಮಾಡಿತು. ಎಂಟೊಂಬತ್ತು ಮಳೆಗಾಲವೂ ಒಂದು ದಿನ ಜರುಗಿ ಕೂತವು.

ಫೋನು ಮಾಡಿದೆ. ಅವಳು ನೋಡಿ, ಹೌದು ಎಂದಳು.

"ಸಾರಿ ಸರ್. ಆದ್ರೆ ಕೆಸರಿಗೆ ಒಂದು ದಿನ ಅಂದ್ರೆ ಏನೂ ಅಲ್ಲ. ಗೆರೆ ಒಂಚೂರೂ ಬದಲಾಗಲ್ಲ. ಬೇಕಾದ್ರೆ ಸರಿ ಮಾಡ್ತೀನಿ, ಒಂದು ನಿಮಿಷದ ಕೆಲಸ. ಹಾಗೇ ಇರಲಿ ಅಂದ್ರೂ ಯಾರಿಗೂ ಗೊತ್ತಾಗಲ್ಲ."

"ನಾಳೆ ಹೇಳ್ತೇನೆ," ಎಂದೆ.

ಯಾಕೆಂದರೆ ಆ ಕಡತದ ಪ್ರಕಾರ, ಮಗಳು ಮಸ್ಕತ್ತಿನಿಂದ ಬಂದಿಳಿದ ಆ ಬೆಳಿಗ್ಗೆ ನನ್ನವಳು ಎದ್ದಿದ್ದಾಳೆ. ಅಂಗಳ ತುಂಬ ನಿಂತ ಜನರ ನಡುವೆ, ನೀಲಿ ಟಾರ್ಪಾಲಿನ ಅಡಿಯಲ್ಲಿ ಹೋಗಿ ಮಾಪಕ ಎತ್ತಿ ಹಿಡಿದಿದ್ದಾಳೆ. ಒಂದು ಕಣ್ಣು ಮುಚ್ಚಿದ್ದಾಳೆ. ಸಾವಿರಾರು ವರ್ಷದ ಆ ಸಾಲಿನಲ್ಲಿ ಅದನ್ನು ಸುಳ್ಳು ಎನ್ನುವವರು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಮರುದಿನ ಅಂಗಡಿ ತೆರೆದ ಕೂಡಲೇ ಫೋನು ಮಾಡಿದೆ. "ಸರಿ ಮಾಡಿ," ಎಂದೆ.

"ಮಾಡ್ತೀನಿ ಸರ್. ಹಾಗಾದ್ರೆ ಆ ದಿನಕ್ಕೆ ಏನು ಹಾಕ್ಲಿ? ಸೊನ್ನೆ?"

"ಸೊನ್ನೆ ಬೇಡ," ಎಂದೆ. "ಮಳೆ ಬಂದದ್ದು ಹೌದು. ಅಳತೆ ಇಲ್ಲ."

ಮಧ್ಯಾಹ್ನದ ಹೊತ್ತಿಗೆ ಹೊಸ ಕಡತ ಬಂತು. ಮೂವತ್ತೊಂದು ತನ್ನ ದಿನಕ್ಕೆ ಹಿಂದೆ ಸರಿದಿತ್ತು. ಅದರ ಕೆಳಗಿನ ಚೌಕ ಖಾಲಿಯಿತ್ತು.